ಎದ್ದು ಹೋದವರು, ಬಾಗಿಲಲ್ಲಿ ನಿಂತವರು: ಡೆಮಾಕ್ರಟಿಕ್ ಪಕ್ಷ ಬದಲಾದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತು ಅಮೆರಿಕದ ಕಥೆ. 2025ರ ನವೆಂಬರ್ 4ರಂದು ನ್ಯೂಯಾರ್ಕ್ ನಗರದ ಮೇಯರ್ ಚುನಾವಣೆ ನಡೆಯಿತು. ಗೆದ್ದವರು 34 ವರ್ಷದ ಜೊಹ್ರಾನ್ ಮಮ್ದಾನಿ. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ, ತಾನು ಸಮಾಜವಾದಿ ಅಂತ ಬಹಿರಂಗವಾಗಿ ಹೇಳಿಕೊಳ್ಳುವವರು. ಎರಡನೇ ಸ್ಥಾನಕ್ಕೆ ಬಂದವರು ಆಂಡ್ರ್ಯೂ ಕ್ವೋಮೊ. ಅವರೂ ಡೆಮಾಕ್ರಟೇ! ಅದೇ ಪಕ್ಷದಿಂದ ಹತ್ತು ವರ್ಷ ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಗಿದ್ದವರು. ಪಕ್ಷದೊಳಗಿನ ಚುನಾವಣೆಯಲ್ಲಿ ಮಮ್ದಾನಿಗೆ ಸೋತು, ಆಮೇಲೆ ಪಕ್ಷೇತರರಾಗಿ ನಿಂತು ಮತ್ತೆ ಸೋತರು. ಒಬ್ಬರು ಮನೆ ಬಾಡಿಗೆ ಏರಿಸೋದನ್ನ ನಿಲ್ಲಿಸ್ತೀನಿ ಅಂತಾರೆ, ಇನ್ನೊಬ್ಬರಿಗೆ ಶ್ರೀಮಂತ ಉದ್ಯಮಿಗಳ ಬೆಂಬಲ. ಹಾಗಾದ್ರೆ ಇವರಲ್ಲಿ ನಿಜವಾದ ಡೆಮಾಕ್ರಟ್ ಯಾರು?

ಆ ಪಕ್ಷದ ಇತಿಹಾಸ ಓದಿದರೆ ಒಂದು ವಿಷಯ ಗೊತ್ತಾಗುತ್ತೆ. ಈ ಪ್ರಶ್ನೆ ನೂರು ವರ್ಷದಿಂದ ಕೇಳ್ತಾನೇ ಇದ್ದಾರೆ, ಉತ್ತರ ಮಾತ್ರ ಬದಲಾಗ್ತಾನೇ ಇದೆ. 1924ರಲ್ಲಿ ಇದೇ ಪಕ್ಷಕ್ಕೆ ಕು ಕ್ಲಕ್ಸ್ ಕ್ಲಾನ್ ಅನ್ನೋ ಜನಾಂಗೀಯ ದ್ವೇಷದ ಸಂಘಟನೆಯ ಹೆಸರು ಹಿಡಿದು ಖಂಡಿಸುವ ಧೈರ್ಯ ಇರಲಿಲ್ಲ. 2008ರಲ್ಲಿ ಇದೇ ಪಕ್ಷ ಬರಾಕ್ ಒಬಾಮ ಅವರನ್ನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿ ಗೆಲ್ಲಿಸಿತು. ಹೆಸರು ಅದೇ, ಕತ್ತೆಯ ಗುರುತು ಅದೇ. ಒಳಗಿದ್ದ ಜನ ಮಾತ್ರ ಬೇರೆ.

ಈ ಬದಲಾವಣೆ ಹೇಗಾಯ್ತು? ಯಾರೋ ಒಬ್ಬ ಮಹಾನ್ ನಾಯಕ ಒಂದು ಬೆಳಿಗ್ಗೆ ಎದ್ದು ಮನಸ್ಸು ಬದಲಾಯಿಸಿದ ಅಂತ ಅಲ್ಲ. ಪಕ್ಷದ ಸಮಾವೇಶ ನಡೆಯೋ ಸಭಾಂಗಣದಿಂದ ಯಾರು ಎದ್ದು ಹೋದರು, ಬಾಗಿಲಲ್ಲಿ ಕಾದು ನಿಂತವರಲ್ಲಿ ಯಾರನ್ನು ಒಳಗೆ ಬಿಟ್ಟರು, ಇದರ ಮೇಲೆ ಆ ಪಕ್ಷ ಏನು ಅನ್ನೋದು ತೀರ್ಮಾನ ಆಗ್ತಾ ಬಂತು. ಇವತ್ತು ಅಂಥ ಕೆಲವು ಸಭಾಂಗಣಗಳಿಗೆ ಹೋಗಿ ಬರೋಣ.

103 ಸುತ್ತು ಮತದಾನ

ಮೊದಲು 1924. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಜೂನ್ ಕೊನೆಯ ಸೆಕೆ. ಡೆಮಾಕ್ರಟಿಕ್ ಪಕ್ಷದ ಡೆಲಿಗೇಟ್‌ಗಳು, ಅಂದ್ರೆ ರಾಜ್ಯ ರಾಜ್ಯಗಳಿಂದ ಬಂದ ಪ್ರತಿನಿಧಿಗಳು, ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಸೇರಿದ್ದಾರೆ. ರೇಡಿಯೊ ಆಗಷ್ಟೇ ಮನೆಗಳಿಗೆ ಬಂದಿತ್ತು, ಜನ ಮನೆಯಲ್ಲೇ ಕೂತು ಇವರ ಜಗಳ ಕೇಳ್ತಿದ್ದರು.

ಆ ಪಕ್ಷದೊಳಗೆ ಆಗ ಎರಡು ಲೋಕಗಳಿದ್ದವು. ಒಂದು ದಕ್ಷಿಣದ ರಾಜ್ಯಗಳ ಬಿಳಿಯರದ್ದು. ಗುಲಾಮಗಿರಿ ನಿಲ್ಲಿಸಿದ ಅಬ್ರಹಾಂ ಲಿಂಕನ್ ರಿಪಬ್ಲಿಕನ್ ಪಕ್ಷದವರು. ಆ ಸಿಟ್ಟಿಗೆ ದಕ್ಷಿಣದ ಬಿಳಿಯರು ಅಂತರ್ಯುದ್ಧದ ನಂತರ ದಶಕಗಟ್ಟಲೆ ಕಣ್ಣು ಮುಚ್ಚಿ ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕಿದರು. ಕಪ್ಪು ಜನರಿಗೆ ಕಾಗದದ ಮೇಲೆ ಮತದ ಹಕ್ಕಿತ್ತು. ಆದರೆ ಮತ ಹಾಕೋಕೆ ತೆರಿಗೆ ಕಟ್ಟಬೇಕು, ಸಂವಿಧಾನದ ಭಾಗ ಓದಿ ಅಧಿಕಾರಿ ಒಪ್ಪುವಂತೆ ಅರ್ಥ ಹೇಳಬೇಕು ಅನ್ನೋ ನಿಯಮಗಳ ಮೂಲಕ, ಅದಕ್ಕೂ ಬಗ್ಗದಿದ್ದರೆ ಹೊಡೆತದ ಮೂಲಕ, ಆ ಹಕ್ಕನ್ನು ಕಿತ್ತುಕೊಂಡಿದ್ದರು.

ಇನ್ನೊಂದು ಲೋಕ ಉತ್ತರದ ದೊಡ್ಡ ನಗರಗಳದ್ದು. ಐರ್ಲೆಂಡ್, ಇಟಲಿ, ಪೋಲೆಂಡ್‌ನಿಂದ ಬಂದ ವಲಸಿಗರು, ಕಾರ್ಖಾನೆ ಕೆಲಸಗಾರರು, ಕ್ಯಾಥಲಿಕರು, ಯಹೂದಿಗಳು. ಇವರನ್ನೂ ಕ್ಲಾನ್ ದ್ವೇಷಿಸುತ್ತಿತ್ತು.

ಕ್ಲಾನ್ ಹೆಸರು ಹೇಳಿ ಖಂಡಿಸಬೇಕು ಅಂತ ನಗರದವರು ಪ್ರಣಾಳಿಕೆಗೆ ಒಂದು ತಿದ್ದುಪಡಿ ತಂದರು. ಆಗ ಡೆಲಿಗೇಟ್‌ಗಳಿಗೆ ಅರ್ಧ ಮತ, ಕಾಲು ಮತ ಅಂತೆಲ್ಲ ಇರ್ತಿತ್ತು. ಸಾವಿರಕ್ಕೂ ಹೆಚ್ಚು ಮತಗಳ ಎಣಿಕೆಯಲ್ಲಿ ಆ ತಿದ್ದುಪಡಿ ಒಂದು ಮತಕ್ಕಿಂತ ಕಡಿಮೆ ಅಂತರದಲ್ಲಿ ಬಿದ್ದುಹೋಯಿತು.

ಆಮೇಲೆ ಅಭ್ಯರ್ಥಿಯ ಆಯ್ಕೆ. ನಗರದವರಿಗೆ ನ್ಯೂಯಾರ್ಕ್‌ನ ಕ್ಯಾಥಲಿಕ್ ಗವರ್ನರ್ ಆಲ್ ಸ್ಮಿತ್ ಬೇಕು, ದಕ್ಷಿಣ ಮತ್ತು ಪಶ್ಚಿಮದವರಿಗೆ ವಿಲಿಯಂ ಮ್ಯಾಕಡೂ ಬೇಕು. ಗೆಲ್ಲೋಕೆ ಮೂರನೇ ಎರಡರಷ್ಟು ಮತ ಬೇಕು ಅನ್ನೋ ನಿಯಮ ಇತ್ತು. ಅಂದ್ರೆ ದಕ್ಷಿಣದವರು ಒಪ್ಪದೆ ಯಾರೂ ಅಭ್ಯರ್ಥಿ ಆಗೋ ಹಾಗಿಲ್ಲ. ಒಂದು ಸುತ್ತು, ಹತ್ತು ಸುತ್ತು, ಐವತ್ತು ಸುತ್ತು... 103ನೇ ಸುತ್ತಿನಲ್ಲಿ ಎರಡೂ ಕಡೆಯವರು ಸೋತು ಸುಣ್ಣವಾಗಿ ಜಾನ್ ಡೇವಿಸ್ ಅನ್ನೋ ವಕೀಲರನ್ನು ಆರಿಸಿದರು. ನವೆಂಬರ್‌ನಲ್ಲಿ ಅವರು ಹೀನಾಯವಾಗಿ ಸೋತರು. ಒಂದೇ ಹೆಸರಿನ ಕೆಳಗೆ ಎರಡು ಪಕ್ಷ ಇದ್ದರೆ ಹೀಗೇ ಆಗೋದು.

ರೂಸ್‌ವೆಲ್ಟ್ ಮಾಡಿಕೊಂಡ ರಾಜಿ

ಇವರನ್ನು ಒಂದೇ ಸೂರಿನ ಕೆಳಗೆ ಕೂರಿಸಿದ್ದು ಹಸಿವು. 1929ರಲ್ಲಿ ಷೇರು ಮಾರುಕಟ್ಟೆ ಕುಸಿದು ಮಹಾ ಆರ್ಥಿಕ ಕುಸಿತ ಶುರುವಾಯಿತು. 1932ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಗೆದ್ದರು. ಉದ್ಯೋಗ ಯೋಜನೆಗಳು, ಕಾರ್ಮಿಕ ಸಂಘಗಳಿಗೆ ಹಕ್ಕು, ವೃದ್ಧಾಪ್ಯ ಪಿಂಚಣಿ, ಇವನ್ನೆಲ್ಲ ಒಟ್ಟಿಗೆ 'ನ್ಯೂ ಡೀಲ್' ಅಂತಾರೆ. ದಕ್ಷಿಣದ ರೈತ, ಉತ್ತರದ ಕಾರ್ಮಿಕ ಇಬ್ಬರೂ ಇದರ ಜೊತೆ ಬಂದರು. ಲಿಂಕನ್ ಪಕ್ಷದ ಜೊತೆಗಿದ್ದ ಉತ್ತರದ ಕಪ್ಪು ಮತದಾರರು ಕೂಡ 1936ರ ಹೊತ್ತಿಗೆ ದೊಡ್ಡ ಸಂಖ್ಯೆಯಲ್ಲಿ ರೂಸ್‌ವೆಲ್ಟ್ ಕಡೆ ತಿರುಗಿದರು. ಅದೇ ವರ್ಷ ಪಕ್ಷ ಆ ಮೂರನೇ ಎರಡರ ನಿಯಮವನ್ನೂ ಕಿತ್ತುಹಾಕಿತು. ದಕ್ಷಿಣದ ವೀಟೊ ಅಲ್ಲಿಗೆ ಹೋಯಿತು. ಆ ದಿನ ಇದು ಅಷ್ಟು ದೊಡ್ಡ ಸುದ್ದಿ ಅನಿಸಲಿಲ್ಲ. ಅದರ ಬೆಲೆ ಗೊತ್ತಾಗೋಕೆ ಹನ್ನೆರಡು ವರ್ಷ ಬೇಕಾಯ್ತು.

ಆದರೆ ಈ ಮೈತ್ರಿಗೆ ಒಂದು ಷರತ್ತಿತ್ತು. ಕಪ್ಪು ಜನರ ಹಕ್ಕಿನ ಮಾತು ಎತ್ತಬಾರದು. ದಕ್ಷಿಣದಲ್ಲಿ ಎದುರಾಳಿಯೇ ಇಲ್ಲದ್ದರಿಂದ ಅಲ್ಲಿನ ಸಂಸದರು ಮತ್ತೆ ಮತ್ತೆ ಗೆದ್ದು ಬರ್ತಿದ್ದರು. ಸಂಸತ್ತಿನ ಸಮಿತಿಗಳಿಗೆ ಸೇವಾ ಹಿರಿತನದ ಮೇಲೆ ಅಧ್ಯಕ್ಷರಾಗ್ತಿದ್ದರು. ಅವರು ಮುನಿದರೆ ಯಾವ ಮಸೂದೆಯೂ ಮುಂದೆ ಹೋಗಲ್ಲ. ಕಪ್ಪು ಜನರನ್ನು ಗುಂಪಾಗಿ ಸೇರಿ ಕೊಲ್ಲೋದನ್ನ ತಡೆಯುವ ಕಾನೂನು ಬೇಕು ಅಂತ ಹೋರಾಟಗಾರರು ರೂಸ್‌ವೆಲ್ಟ್ ಬಳಿ ಹೋದರು. ಅವರು ಅದರ ಬೆನ್ನಿಗೆ ನಿಲ್ಲಲಿಲ್ಲ. ನಿಂತರೆ ತನ್ನ ಉಳಿದ ಎಲ್ಲ ಮಸೂದೆಗಳನ್ನೂ ದಕ್ಷಿಣದವರು ಹೂತುಹಾಕ್ತಾರೆ ಅನ್ನೋದು ಅವರ ಲೆಕ್ಕ. 1935ರ ಪಿಂಚಣಿ ಕಾಯ್ದೆಯಲ್ಲಿ ಹೊಲದ ಕೂಲಿಗಳನ್ನೂ ಮನೆಕೆಲಸದವರನ್ನೂ ಹೊರಗಿಟ್ಟರು. ಯಾಕೆ ಹೊರಗಿಟ್ಟರು ಅನ್ನೋದರ ಬಗ್ಗೆ ಇತಿಹಾಸಕಾರರ ನಡುವೆ ಚರ್ಚೆ ಇದೆ, ಪರಿಣಾಮದ ಬಗ್ಗೆ ಇಲ್ಲ. ದಕ್ಷಿಣದ ಬಹುಪಾಲು ಕಪ್ಪು ಜನ ಮಾಡ್ತಿದ್ದದ್ದು ಆ ಎರಡೇ ಕೆಲಸ.

1938ರಲ್ಲಿ ರೂಸ್‌ವೆಲ್ಟ್ ತನ್ನ ನೀತಿಗಳನ್ನು ವಿರೋಧಿಸ್ತಿದ್ದ ಸ್ವಪಕ್ಷದ ಸಂಪ್ರದಾಯವಾದಿಗಳನ್ನು ಸೋಲಿಸೋಕೆ ಹೊರಟರು. ಜಾರ್ಜಿಯಾದಲ್ಲಿ ಸೆನೆಟರ್ ವಾಲ್ಟರ್ ಜಾರ್ಜ್ ವೇದಿಕೆ ಮೇಲೆ ಕೂತಿರುವಾಗಲೇ, ಅವರಿಗೆ ಮತ ಹಾಕಬೇಡಿ ಅಂತ ಭಾಷಣ ಮಾಡಿದರು. ಜಾರ್ಜ್ ಗೆದ್ದರು. ಜನಪ್ರಿಯತೆಯ ತುತ್ತತುದಿ ಕಂಡಿದ್ದ ಅಧ್ಯಕ್ಷನಿಗೂ ಪಕ್ಷವನ್ನು ಮೇಲಿನಿಂದ ಬದಲಾಯಿಸೋಕೆ ಆಗಲಿಲ್ಲ.

ಬಸ್ಸಿನಲ್ಲಿ ಒಬ್ಬ ಸೈನಿಕ

1946ರ ಫೆಬ್ರುವರಿ. ಐಸಾಕ್ ವುಡಾರ್ಡ್ ಅನ್ನೋ ಕಪ್ಪು ಸೈನಿಕ ಎರಡನೇ ಮಹಾಯುದ್ಧ ಮುಗಿಸಿ, ಸೇವೆಯಿಂದ ಬಿಡುಗಡೆಯಾಗಿ, ಸಮವಸ್ತ್ರದಲ್ಲೇ ಬಸ್ ಹತ್ತಿದ್ದ. ದಾರಿಯಲ್ಲಿ ಶೌಚಕ್ಕೆ ಬಸ್ ನಿಲ್ಲಿಸಿ ಅಂತ ಕೇಳಿದ. ಡ್ರೈವರ್ ಜೊತೆ ಮಾತಿಗೆ ಮಾತು ಬೆಳೆಯಿತು. ದಕ್ಷಿಣ ಕೆರೊಲಿನಾದ ಬೇಟ್ಸ್‌ಬರ್ಗ್ ಅನ್ನೋ ಊರಲ್ಲಿ ಡ್ರೈವರ್ ಪೊಲೀಸರನ್ನು ಕರೆದ. ಅಲ್ಲಿನ ಪೊಲೀಸ್ ಮುಖ್ಯಸ್ಥ ಲಾಠಿಯಿಂದ ಹೊಡೆದ ಹೊಡೆತಕ್ಕೆ ವುಡಾರ್ಡ್‌ನ ಎರಡೂ ಕಣ್ಣು ಹೋದವು. ಬಿಳಿಯರೇ ತುಂಬಿದ್ದ ಜ್ಯೂರಿ ಅರ್ಧ ಗಂಟೆಯೊಳಗೆ ಆ ಪೊಲೀಸನನ್ನು ಬಿಟ್ಟುಬಿಟ್ಟಿತು.

ರೂಸ್‌ವೆಲ್ಟ್ ಆಗಲೇ ತೀರಿಕೊಂಡಿದ್ದರು. ಅಧ್ಯಕ್ಷ ಹ್ಯಾರಿ ಟ್ರೂಮನ್. ಮಿಸೌರಿ ರಾಜ್ಯದವರು, ಅವರ ಹಿರಿಯರು ಅಂತರ್ಯುದ್ಧದಲ್ಲಿ ದಕ್ಷಿಣದ ಪರ ಇದ್ದವರು. ಸ್ವತಃ ಮೊದಲ ಮಹಾಯುದ್ಧದಲ್ಲಿ ಕಾದಾಡಿದವರು. ಸಮವಸ್ತ್ರದಲ್ಲಿದ್ದ ಸೈನಿಕನ ಕಣ್ಣು ಕಿತ್ತ ಕಥೆ ಅವರನ್ನು ಅಲ್ಲಾಡಿಸಿತು. ಆ ವರ್ಷಾಂತ್ಯಕ್ಕೆ ನಾಗರಿಕ ಹಕ್ಕುಗಳ ಸಮಿತಿ ನೇಮಿಸಿದರು. 1948ರ ಫೆಬ್ರುವರಿಯಲ್ಲಿ ಅದರ ಶಿಫಾರಸುಗಳನ್ನು ಸಂಸತ್ತಿನ ಮುಂದಿಟ್ಟರು.

ಇಲ್ಲಿ ಮನಸ್ಸಾಕ್ಷಿ ಇತ್ತು, ಲೆಕ್ಕವೂ ಇತ್ತು. ಲಕ್ಷಾಂತರ ಕಪ್ಪು ಜನ ದಕ್ಷಿಣ ಬಿಟ್ಟು ಶಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್‌ಗೆ ವಲಸೆ ಬಂದಿದ್ದರು. ಅಲ್ಲಿ ಅವರು ಮತ ಹಾಕಬಹುದಿತ್ತು. ಉತ್ತರದ ಕಪ್ಪು ಮತದಾರರು ಚುನಾವಣೆಯ ಫಲಿತಾಂಶ ತಿರುಗಿಸಬಲ್ಲರು, ದಕ್ಷಿಣದವರು ಏನೇ ಮಾಡಿದರೂ ಪಕ್ಷ ಬಿಡಲ್ಲ ಅಂತ 1947ರಲ್ಲಿ ಟ್ರೂಮನ್‌ಗೆ ಅವರ ಸಲಹೆಗಾರರು ಟಿಪ್ಪಣಿ ಬರೆದುಕೊಟ್ಟಿದ್ದರು. ಮೊದಲ ಮಾತು ಸರಿಯಾಯ್ತು. ಎರಡನೆಯದು ಸುಳ್ಳಾಯ್ತು.

ಫಿಲಡೆಲ್ಫಿಯಾದ ಸೆಕೆ

1948ರ ಜುಲೈ. ಫಿಲಡೆಲ್ಫಿಯಾ ಸಭಾಂಗಣದಲ್ಲಿ ಎಸಿ ಇಲ್ಲ, ಮೇಲಿಂದ ಟಿವಿ ದೀಪಗಳ ಬಿಸಿ. ದಕ್ಷಿಣದವರಿಗೆ ಸಿಟ್ಟು. ಟ್ರೂಮನ್ ಕಡೆಯವರಿಗೂ ಭಯ, ಪ್ರಣಾಳಿಕೆಯಲ್ಲಿ ನಾಗರಿಕ ಹಕ್ಕಿನ ಬಗ್ಗೆ ಯಾರಿಗೂ ನೋವಾಗದ ನಾಲ್ಕು ಮೃದು ಮಾತು ಹಾಕಿ ಮುಗಿಸೋಣ ಅನ್ನೋದು ಅವರ ಲೆಕ್ಕಾಚಾರ.

ಆಗ ಎದ್ದು ನಿಂತವರು ಮಿನಿಯಾಪೊಲಿಸ್ ನಗರದ 37 ವರ್ಷದ ಮೇಯರ್ ಹ್ಯೂಬರ್ಟ್ ಹಂಫ್ರಿ. ಗಟ್ಟಿಯಾದ ತಿದ್ದುಪಡಿ ತರ್ತೀನಿ ಅಂದರು. ನಿನ್ನ ರಾಜಕೀಯ ಜೀವನ ಇಲ್ಲಿಗೇ ಮುಗಿಯುತ್ತೆ ಅಂತ ಹಿರಿಯರು ಎಚ್ಚರಿಸಿದರು. ಹಂಫ್ರಿ ವೇದಿಕೆ ಹತ್ತಿ ಹತ್ತು ನಿಮಿಷದ ಆಸುಪಾಸಿನ ಭಾಷಣ ಮಾಡಿದರು. ರಾಜ್ಯಗಳ ಹಕ್ಕು ಅನ್ನೋ ನೆರಳಿನಿಂದ ಹೊರಬಂದು ಮನುಷ್ಯರ ಹಕ್ಕಿನ ಬಿಸಿಲಿಗೆ ಬರೋ ಕಾಲ ಬಂದಿದೆ ಅನ್ನೋದು ಆ ಭಾಷಣದ ಸಾರ. 'ರಾಜ್ಯಗಳ ಹಕ್ಕು' ಅಂದ್ರೆ ಏನು ಗೊತ್ತಾ? ನಮ್ಮ ರಾಜ್ಯದಲ್ಲಿ ಕಪ್ಪು ಜನರನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನೋದು ನಮಗೆ ಬಿಟ್ಟದ್ದು, ವಾಷಿಂಗ್ಟನ್ ಮೂಗು ತೂರಿಸಬಾರದು ಅನ್ನೋ ದಕ್ಷಿಣದ ವಾದ.

ನಗರಗಳ ಹಳೇ ಪಕ್ಷದ ಧಣಿಗಳು, ಆದರ್ಶಕ್ಕೆ ಹೆಸರಾದವರೇನಲ್ಲ, ಅವರೂ ಹಂಫ್ರಿ ಪರ ನಿಂತರು. ತಮ್ಮ ಊರಿನ ಕಪ್ಪು ಮತದಾರರು ಅವರಿಗೆ ಬೇಕಿತ್ತು. ತಿದ್ದುಪಡಿ 651½ ಮತಗಳಿಗೆ 582½ ಮತಗಳ ಅಂತರದಲ್ಲಿ ಗೆದ್ದಿತು. ಕ್ಲಾನ್ ಹೆಸರು ಹೇಳಲಾಗದೆ ಸೋತು 24 ವರ್ಷ ಆಗಿತ್ತು.

ಮಿಸಿಸಿಪ್ಪಿಯ ಎಲ್ಲ ಡೆಲಿಗೇಟ್‌ಗಳು, ಅಲಬಾಮಾದ ಅರ್ಧದಷ್ಟು ಜನ ಎದ್ದು ಹೊರಗೆ ನಡೆದರು. ಕೆಲವೇ ದಿನಗಳಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಭೆ ಸೇರಿ ದಕ್ಷಿಣ ಕೆರೊಲಿನಾದ ಗವರ್ನರ್ ಸ್ಟ್ರಾಮ್ ಥರ್ಮಂಡ್ ಅವರನ್ನು ತಮ್ಮ ಅಧ್ಯಕ್ಷೀಯ ಅಭ್ಯರ್ಥಿ ಮಾಡಿದರು. ಪತ್ರಿಕೆಗಳು ಇವರನ್ನು 'ಡಿಕ್ಸಿಕ್ರಾಟ್' ಅಂತ ಕರೆದವು. ಡಿಕ್ಸಿ ಅಂದ್ರೆ ದಕ್ಷಿಣದ ಅಡ್ಡಹೆಸರು. ಇನ್ನೊಂದು ಕಡೆ ಎಡಪಂಥೀಯ ಬಣದ ಹೆನ್ರಿ ವಾಲೆಸ್ ಕೂಡ ಪಕ್ಷ ಬಿಟ್ಟು ಬೇರೆ ನಿಂತರು. ಅಂದ್ರೆ ಟ್ರೂಮನ್ ಪಕ್ಷ ಎಡಕ್ಕೂ ಒಡೆದಿತ್ತು, ಬಲಕ್ಕೂ ಒಡೆದಿತ್ತು.

ಟ್ರೂಮನ್ ಹಿಂದೆ ಸರಿಯಲಿಲ್ಲ. ಜುಲೈ 26ರಂದು ಸೇನೆಯಲ್ಲಿ ಕಪ್ಪು-ಬಿಳಿ ಭೇದ ಕೊನೆಗಾಣಿಸುವ ಆದೇಶಕ್ಕೆ ಸಹಿ ಹಾಕಿದರು. ನವೆಂಬರ್‌ನಲ್ಲಿ ಅವರು ಸೋಲ್ತಾರೆ ಅಂತ ಎಲ್ಲರಿಗೂ ಎಷ್ಟು ಖಾತ್ರಿ ಇತ್ತು ಅಂದ್ರೆ, ಫಲಿತಾಂಶ ಬರೋ ಮೊದಲೇ 'ಶಿಕಾಗೊ ಟ್ರಿಬ್ಯೂನ್' ಅವರು ಸೋತರು ಅಂತ ಮುಖಪುಟದಲ್ಲಿ ಅಚ್ಚು ಹಾಕಿಬಿಟ್ಟಿತು. ಆ ಪೇಪರ್ ಎತ್ತಿ ಹಿಡಿದು ನಗ್ತಿರೋ ಟ್ರೂಮನ್ ಫೋಟೊ ನೀವು ನೋಡಿರ್ತೀರಿ. ಥರ್ಮಂಡ್‌ಗೆ ಸಿಕ್ಕಿದ್ದು ದಕ್ಷಿಣದ ನಾಲ್ಕು ರಾಜ್ಯ: ದಕ್ಷಿಣ ಕೆರೊಲಿನಾ, ಮಿಸಿಸಿಪ್ಪಿ, ಅಲಬಾಮಾ, ಲೂಸಿಯಾನ. ಟ್ರೂಮನ್ ಓಹಾಯೊ, ಇಲಿನಾಯ್, ಕ್ಯಾಲಿಫೋರ್ನಿಯಾವನ್ನು ಕೂದಲೆಳೆ ಅಂತರದಲ್ಲಿ ಗೆದ್ದರು. ಅಲ್ಲೆಲ್ಲ ನಗರಗಳ ಕಪ್ಪು ಮತದಾರರ ಮತ ಅವರ ಕೈ ಹಿಡಿದಿತ್ತು.

ಇದು ಯಾಕೆ ಮುಖ್ಯ? ದಕ್ಷಿಣದವರು ಕೋಪ ಮಾಡಿಕೊಂಡರೆ ಪಕ್ಷ ಸತ್ತೇ ಹೋಗುತ್ತೆ ಅಂತ ನಂಬಿ ರೂಸ್‌ವೆಲ್ಟ್ ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದರು. 1948ರಲ್ಲಿ ಅವರಲ್ಲಿ ಕೆಲವರು ನಿಜವಾಗಿಯೂ ಎದ್ದು ಹೋದರು, ಆದರೂ ಪಕ್ಷ ಗೆದ್ದಿತು. ಬೆದರಿಕೆಯ ಬಲ ಆವತ್ತಿನಿಂದ ಕಡಿಮೆಯಾಯಿತು.

ಒಂದೇ ಜಿಲ್ಲೆ, ಒಂದೇ ಪಕ್ಷ

ಆದರೆ ಎದ್ದು ಹೋದವರು ಬಹಳ ಮಂದಿ ವಾಪಸ್ ಬಂದರು. ಥರ್ಮಂಡ್ ಸೆನೆಟರ್ ಆದರು, ಡೆಮಾಕ್ರಟ್ ಆಗಿಯೇ. ಶಾಲೆಗಳಲ್ಲಿ ಜನಾಂಗೀಯ ಪ್ರತ್ಯೇಕತೆ ಸಂವಿಧಾನಬಾಹಿರ ಅಂತ ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿದಾಗ, ಅದರ ವಿರುದ್ಧ 1956ರಲ್ಲಿ 101 ಸಂಸದರು ಹೇಳಿಕೆಗೆ ಸಹಿ ಹಾಕಿದರು. ಅದರಲ್ಲಿ 99 ಜನ ಡೆಮಾಕ್ರಟರು. ಅದೇ ವರ್ಷ ಸೆನೆಟ್‌ನ ನ್ಯಾಯಾಂಗ ಸಮಿತಿಗೆ, ಅಂದ್ರೆ ಎಲ್ಲ ನಾಗರಿಕ ಹಕ್ಕು ಮಸೂದೆಗಳೂ ಹಾದು ಹೋಗಬೇಕಾದ ಸಮಿತಿಗೆ, ಅಧ್ಯಕ್ಷರಾದವರು ಮಿಸಿಸಿಪ್ಪಿಯ ಜೇಮ್ಸ್ ಈಸ್ಟ್‌ಲ್ಯಾಂಡ್. ಇವರೂ ಡೆಮಾಕ್ರಟ್. ಸನ್‌ಫ್ಲವರ್ ಅನ್ನೋ ಜಿಲ್ಲೆಯಲ್ಲಿ ದೊಡ್ಡ ಹತ್ತಿ ತೋಟದ ಒಡೆಯರು.

ಅದೇ ಸನ್‌ಫ್ಲವರ್ ಜಿಲ್ಲೆಯಲ್ಲಿ, ಬೇರೊಬ್ಬರ ಹತ್ತಿ ತೋಟದಲ್ಲಿ ಫ್ಯಾನಿ ಲೂ ಹೇಮರ್ ಅನ್ನೋ ಮಹಿಳೆ ಕೆಲಸ ಮಾಡ್ತಿದ್ದರು. ಗೇಣಿದಾರ ಕುಟುಂಬದ 20 ಮಕ್ಕಳಲ್ಲಿ ಕೊನೆಯವರು. ಆರನೇ ವಯಸ್ಸಿಗೇ ಹತ್ತಿ ಬಿಡಿಸೋಕೆ ಹೋದವರು. 1962ರ ಆಗಸ್ಟ್ 31ರಂದು ಮತದಾರರ ಪಟ್ಟಿಗೆ ಹೆಸರು ಸೇರಿಸೋಕೆ ತಾಲ್ಲೂಕು ಕಚೇರಿಯಂಥ ಜಾಗಕ್ಕೆ ಹೋಗಿ ಬಂದರು. ಆಗ ಅವರ ವಯಸ್ಸು 44. ಹೆಸರು ಸೇರಲಿಲ್ಲ. ಆದರೆ 18 ವರ್ಷ ದುಡಿದ ತೋಟದಿಂದ ಅದೇ ದಿನ ಹೊರಹಾಕಿದರು. ಮರುವರ್ಷ ಜೂನ್‌ನಲ್ಲಿ ವಿನೋನ ಅನ್ನೋ ಊರಿನ ಜೈಲಿನಲ್ಲಿ ಅವರನ್ನು ಎಷ್ಟು ಹೊಡೆಸಿದರು ಅಂದ್ರೆ, ಆ ಏಟಿನ ನೋವು ಬದುಕಿರುವವರೆಗೂ ಹೋಗಲಿಲ್ಲ.

ಈಸ್ಟ್‌ಲ್ಯಾಂಡ್ ಡೆಮಾಕ್ರಟ್. ಹೇಮರ್ ಕೂಡ ತಾನು ಡೆಮಾಕ್ರಟ್ ಅಂದರು. ಪಕ್ಷ ಯಾರದ್ದು?

ಅಟ್ಲಾಂಟಿಕ್ ಸಿಟಿ, 1964

1964 ಎಲ್ಲವೂ ಒಟ್ಟಿಗೆ ಬಂದ ವರ್ಷ. ಟೆಕ್ಸಸ್‌ನವರಾದ ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಮಸೂದೆಯನ್ನು ಹಟ ಹಿಡಿದು ತಂದರು. ಸೆನೆಟ್‌ನಲ್ಲಿ ಅದನ್ನು ಮುನ್ನಡೆಸಿದವರು ಯಾರು ಗೊತ್ತಾ? ಹಂಫ್ರಿ, ಆಗ ಸೆನೆಟರ್. 73ಕ್ಕೆ 27 ಮತಗಳಿಂದ ಅದು ಪಾಸಾಯಿತು. ವಿರೋಧಿಸಿದ 27ರಲ್ಲಿ 21 ಡೆಮಾಕ್ರಟರು, 6 ರಿಪಬ್ಲಿಕನರು. ಪ್ರಮಾಣದ ಲೆಕ್ಕದಲ್ಲಿ ನೋಡಿದರೆ ರಿಪಬ್ಲಿಕನರೇ ಹೆಚ್ಚು ಬೆಂಬಲ ಕೊಟ್ಟಿದ್ದರು. ಆದರೆ ಆ ಆರು ಜನರಲ್ಲಿ ಒಬ್ಬರು ಬ್ಯಾರಿ ಗೋಲ್ಡ್‌ವಾಟರ್, ಮರುತಿಂಗಳೇ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಆದವರು. ಆ ಪಕ್ಷದೊಳಗೂ ಒಂದು ಬಣ ಗೆದ್ದು ಇನ್ನೊಂದು ಸೋತಿತ್ತು.

ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಸಮಾವೇಶ. ಮಿಸಿಸಿಪ್ಪಿಯ ಅಧಿಕೃತ ತಂಡದಲ್ಲಿ ಇದ್ದವರೆಲ್ಲ ಬಿಳಿಯರು. ಇವರ ಎದುರು ಹೇಮರ್ ಮತ್ತು ಸಂಗಡಿಗರು 'ಮಿಸಿಸಿಪ್ಪಿ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ' ಕಟ್ಟಿಕೊಂಡು, ಎಲ್ಲರಿಗೂ ತೆರೆದ ಸಭೆಗಳಲ್ಲಿ ತಮ್ಮ ಡೆಲಿಗೇಟ್‌ಗಳನ್ನು ಆರಿಸಿ, 60ಕ್ಕೂ ಹೆಚ್ಚು ಜನ ಬಸ್ ಹತ್ತಿ ಬಂದಿದ್ದರು. ಆ ಬೇಸಿಗೆಯಲ್ಲೇ ಮಿಸಿಸಿಪ್ಪಿಯಲ್ಲಿ ಚೇನಿ, ಗುಡ್‌ಮನ್, ಶ್ವರ್ನರ್ ಅನ್ನೋ ಮೂವರು ಯುವ ಕಾರ್ಯಕರ್ತರ ಕೊಲೆಯಾಗಿತ್ತು. ಶವ ಸಿಕ್ಕಿ ಮೂರು ವಾರವೂ ಆಗಿರಲಿಲ್ಲ.

ಆಗಸ್ಟ್ 22ರಂದು ಹೇಮರ್ ಸಮಿತಿಯ ಮುಂದೆ ಕೂತು, ಟಿವಿ ಕ್ಯಾಮೆರಾ ಎದುರು, ತೋಟದಿಂದ ಹೊರಹಾಕಿದ್ದು, ಜೈಲಿನಲ್ಲಿ ಹೊಡೆದಿದ್ದು ಎಲ್ಲವನ್ನೂ ಹೇಳಿದರು. ಮತ ಹಾಕೋಕೆ ಹೊರಟದ್ದಕ್ಕೆ ಇದೆಲ್ಲ ಆಗೋದಾದ್ರೆ ಇದು ಸ್ವತಂತ್ರರ ನಾಡಾ ಅಂತ ಕೇಳಿದರು. ಶ್ವೇತಭವನದಲ್ಲಿ ಜಾನ್ಸನ್‌ಗೆ ದಕ್ಷಿಣದ ಮತಗಳು ಹೋಗ್ತವೆ ಅನ್ನೋ ಭಯ. ತಕ್ಷಣ ಪತ್ರಕರ್ತರ ಮುಂದೆ ಬಂದರು. ಟಿವಿಗಳು ಹೇಮರ್ ಅವರನ್ನು ಬಿಟ್ಟು ಅಧ್ಯಕ್ಷರ ಕಡೆ ತಿರುಗಿದವು. ಆದರೆ ರಾತ್ರಿ ವಾರ್ತೆಯಲ್ಲಿ ಹೇಮರ್ ಮಾತನ್ನು ಮತ್ತೆ ಹಾಕಿದರು. ಆಗ ನೋಡಿದವರ ಸಂಖ್ಯೆ ಇನ್ನೂ ಹೆಚ್ಚು.

ಈ ಜಗಳ ಬಗೆಹರಿಸೋ ಕೆಲಸ ಜಾನ್ಸನ್ ವಹಿಸಿದ್ದು ಹಂಫ್ರಿಗೆ. ಉಪಾಧ್ಯಕ್ಷ ಸ್ಥಾನದ ಟಿಕೆಟ್ ಅವರ ಕಣ್ಣ ಮುಂದೆ ತೂಗ್ತಿತ್ತು. 1948ರಲ್ಲಿ ತನ್ನ ಭವಿಷ್ಯವನ್ನೇ ಪಣಕ್ಕಿಟ್ಟ ಅದೇ ಮನುಷ್ಯ ಈಗ ಹೇಮರ್ ಅವರ ಮುಂದೆ ಕೂತು ರಾಜಿ ಮಾಡಿಕೊಳ್ಳಿ ಅಂತಿದ್ದರು. ಮಿಸಿಸಿಪ್ಪಿಯ ಕಪ್ಪು ಜನರ ಬದುಕಿಗಿಂತ ನಿಮ್ಮ ಹುದ್ದೆ ದೊಡ್ಡದಾ ಅಂತ ಹೇಮರ್ ನೇರವಾಗಿ ಕೇಳಿದರು. ಕೊನೆಗೆ ಪಕ್ಷ ಕೊಟ್ಟದ್ದು ಎರಡು ಸೀಟು, ಅದರಲ್ಲಿ ಯಾರು ಕೂರಬೇಕು ಅನ್ನೋದನ್ನೂ ಪಕ್ಷವೇ ಆರಿಸಿತ್ತು. ಹೇಮರ್ ಹೆಸರಿರಲಿಲ್ಲ. ಎರಡು ಸೀಟಿಗಾಗಿ ಇಷ್ಟು ದೂರ ಬಂದಿಲ್ಲ ಅಂತ ಅವರು ತಿರಸ್ಕರಿಸಿದರು.

ಇತ್ತ ಅಧಿಕೃತ ತಂಡದವರಿಗೆ ಪಕ್ಷನಿಷ್ಠೆಯ ಪ್ರಮಾಣಕ್ಕೆ ಸಹಿ ಹಾಕಿ ಅಂದಾಗ, ಬೆರಳೆಣಿಕೆಯ ಜನ ಬಿಟ್ಟು ಉಳಿದವರು ಮನೆಗೆ ಹೊರಟುಹೋದರು. ಮಿಸಿಸಿಪ್ಪಿಯ ಕುರ್ಚಿಗಳು ಖಾಲಿ, ಅವುಗಳಲ್ಲಿ ಕೂರೋಕೆ ಬಂದವರು ಬಾಗಿಲಲ್ಲಿ.

ಸೋತರು ಅನಿಸುತ್ತೆ ಅಲ್ವಾ? ಅವತ್ತಿಗೆ ಹೌದು. ಅಲ್ಲಿಂದ ಮನೆಗೆ ಹೋದ ಎಷ್ಟೋ ಯುವಕರು ಈ ಪಕ್ಷದ ಮೇಲಿನ ನಂಬಿಕೆಯನ್ನೇ ಕಳೆದುಕೊಂಡರು, ಆ ಗಾಯ ಆಮೇಲೂ ಮಾಯಲಿಲ್ಲ. ಆದರೆ ಆ ರಾಜಿಯಲ್ಲಿ ಒಂದು ಸಾಲಿತ್ತು: ಇನ್ನು ಮುಂದೆ ಜನಾಂಗದ ಆಧಾರದಲ್ಲಿ ಜನರನ್ನು ಹೊರಗಿಟ್ಟ ತಂಡಕ್ಕೆ ಸಮಾವೇಶದಲ್ಲಿ ಜಾಗ ಇಲ್ಲ. 1968ರಲ್ಲಿ ಶಿಕಾಗೊ ಸಮಾವೇಶಕ್ಕೆ ಕಪ್ಪು-ಬಿಳಿ ಇಬ್ಬರೂ ಇದ್ದ ಮಿಸಿಸಿಪ್ಪಿ ತಂಡ ಬಂತು. ಹೇಮರ್ ತಮ್ಮ ಸೀಟಿಗೆ ನಡೆದು ಹೋದಾಗ ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಡುವೆ, 1965ರಲ್ಲಿ, ಮತದಾನ ಹಕ್ಕು ಕಾಯ್ದೆ ಬಂದಿತ್ತು. ಮಿಸಿಸಿಪ್ಪಿಯಲ್ಲಿ ನೋಂದಾಯಿತ ಕಪ್ಪು ಮತದಾರರ ಪ್ರಮಾಣ ಶೇಕಡ 7ರ ಆಸುಪಾಸಿನಿಂದ ಎರಡೇ ವರ್ಷದಲ್ಲಿ ಶೇಕಡ 50 ದಾಟಿತು.

ಬಿ ಫಾರಂ ಇಲ್ಲದ ಊರು

ಥರ್ಮಂಡ್ 1964ರ ಸೆಪ್ಟೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷ ಸೇರಿದರು. ಗೋಲ್ಡ್‌ವಾಟರ್ ದೇಶದಾದ್ಯಂತ ಸೋತರೂ ತನ್ನ ತವರು ಅರಿಜೋನ ಜೊತೆ ದಕ್ಷಿಣದ ಐದು ರಾಜ್ಯ ಗೆದ್ದರು. ಹಾಗಂತ ಎರಡೂ ಪಕ್ಷ ಒಂದೇ ರಾತ್ರಿಯಲ್ಲಿ ಅದಲು ಬದಲಾದವು ಅಂತ ರೀಲ್ಸ್‌ನಲ್ಲಿ ಹೇಳ್ತಾರಲ್ಲ, ಅದನ್ನು ನಂಬಬೇಡಿ. ಈಸ್ಟ್‌ಲ್ಯಾಂಡ್ 1978ರವರೆಗೂ ಡೆಮಾಕ್ರಟ್ ಸೆನೆಟರ್ ಆಗಿಯೇ ಇದ್ದರು. ದಕ್ಷಿಣದ ಬಿಳಿಯರು ಸಂಸತ್ತಿಗೂ ರಾಜ್ಯ ಸರ್ಕಾರಗಳಿಗೂ ಡೆಮಾಕ್ರಟರನ್ನು ಆರಿಸೋದನ್ನು ಬಿಡೋಕೆ ಒಂದು ತಲೆಮಾರೇ ಹಿಡಿಯಿತು.

1968ರ ಶಿಕಾಗೊದಲ್ಲಿ ಇನ್ನೊಂದು ಬಿರುಕು ಬಿತ್ತು, ವಿಯೆಟ್ನಾಂ ಯುದ್ಧದ ಬಗ್ಗೆ. ಹೊರಗೆ ಪೊಲೀಸರು ಯುವಕರನ್ನು ಬಡಿಯುತ್ತಿದ್ದರು. ಒಳಗೆ ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದ ಹಂಫ್ರಿ ಅಭ್ಯರ್ಥಿ ಆದರು, ನವೆಂಬರ್‌ನಲ್ಲಿ ಸೋತರು. ಆ ಸಿಟ್ಟಿನಿಂದ ನಿಯಮಗಳು ಬದಲಾದವು. ಇನ್ನು ಮುಂದೆ ಅಭ್ಯರ್ಥಿಯನ್ನು ಮುಖ್ಯವಾಗಿ ಪ್ರೈಮರಿಗಳಲ್ಲಿ ಜನರೇ ಆರಿಸಬೇಕು, ತಂಡಗಳಲ್ಲಿ ಮಹಿಳೆಯರು, ಯುವಕರು, ಕಪ್ಪು ಜನ ಇರಬೇಕು ಅಂತಾಯ್ತು. 1972ರಲ್ಲಿ ಶಿಕಾಗೊದ ಬಲಿಷ್ಠ ಮೇಯರ್ ರಿಚರ್ಡ್ ಡೇಲಿ ಅವರ ತಂಡವನ್ನೇ ಹೊರಗೆ ಕಳಿಸಿದರು. ಆದರೆ ಹಳಬರನ್ನು ಹೊರಗೆ ಕಳಿಸಿದರೆ ಗೆಲುವು ಗ್ಯಾರಂಟಿ ಅಲ್ಲ. ಆ ವರ್ಷದ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ 50ರಲ್ಲಿ 49 ರಾಜ್ಯ ಸೋತರು. ಅದರ ನಂತರ ಪಕ್ಷದ ನಾಯಕರು ತಮ್ಮ ಕೈಗೆ ಸ್ವಲ್ಪ ಬಲ ಇರಲಿ ಅಂತ 'ಸೂಪರ್‌ಡೆಲಿಗೇಟ್' ಪದ್ಧತಿ ತಂದರು. 2016ರಲ್ಲಿ ಬರ್ನಿ ಸ್ಯಾಂಡರ್ಸ್ ಬೆಂಬಲಿಗರು ಅದರ ವಿರುದ್ಧ ಗಲಾಟೆ ಎಬ್ಬಿಸಿದ ಮೇಲೆ 2018ರಲ್ಲಿ ಅವರ ಬಲವನ್ನು ಮೊಟಕುಗೊಳಿಸಿದರು.

ನಮಗೆ ಇದು ಸ್ವಲ್ಪ ವಿಚಿತ್ರ ಅನಿಸಬಹುದು. ನಮ್ಮಲ್ಲಿ ಹೈಕಮಾಂಡ್ ಬಿ ಫಾರಂ ಕೊಡಬೇಕು. ಅಲ್ಲಿ ಅದಿಲ್ಲ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2018ರಲ್ಲಿ ಮಿಶಿಗನ್ ಗವರ್ನರ್ ಸ್ಥಾನದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತು ಸೋತರು. 2022ರಲ್ಲಿ ಡೆಟ್ರಾಯಿಟ್ ಭಾಗದ ಪ್ರೈಮರಿಯಲ್ಲಿ ಹಲವರನ್ನು ಸೋಲಿಸಿ ಸಂಸತ್ತಿಗೆ ಹೋದರು. ನಾಯಕರಿಗೆ ಇಷ್ಟವಿಲ್ಲದಿದ್ದರೂ ಪ್ರೈಮರಿ ಗೆದ್ದವರೇ ಅಭ್ಯರ್ಥಿ. ಮಮ್ದಾನಿಗೆ ದಾರಿ ಸಿಕ್ಕಿದ್ದೂ ಇದೇ ಬಾಗಿಲಿನಿಂದ.

ಥರ್ಮಂಡ್ ಊರಿನಲ್ಲಿ

ಕೊನೆಗೆ ದಕ್ಷಿಣ ಕೆರೊಲಿನಾಗೆ ವಾಪಸ್ ಬರೋಣ. ವುಡಾರ್ಡ್ ಕಣ್ಣು ಕಳೆದುಕೊಂಡ ರಾಜ್ಯ, ಥರ್ಮಂಡ್ ಆಳಿದ ರಾಜ್ಯ. 2020ರಲ್ಲಿ ಜೋ ಬೈಡನ್ ಮೊದಲ ಮೂರು ರಾಜ್ಯಗಳಲ್ಲಿ ಸೋತು ಕಥೆ ಮುಗೀತು ಅನ್ನೋ ಸ್ಥಿತಿಯಲ್ಲಿದ್ದರು. ಎಡ ಬಣದ ಸ್ಯಾಂಡರ್ಸ್ ಮುಂದಿದ್ದರು. ಆಗ ದಕ್ಷಿಣ ಕೆರೊಲಿನಾದ ಕಪ್ಪು ಸಂಸದ ಜಿಮ್ ಕ್ಲೈಬರ್ನ್ ಬೈಡನ್‌ಗೆ ಬೆಂಬಲ ಘೋಷಿಸಿದರು. ಅಲ್ಲಿನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮತ ಹಾಕುವವರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ. ಬೈಡನ್ ಭಾರೀ ಅಂತರದಿಂದ ಗೆದ್ದರು, ಅಲ್ಲಿಂದ ಶ್ವೇತಭವನದವರೆಗೂ ಹೋದರು. 2024ರಲ್ಲಿ ಪಕ್ಷ ತನ್ನ ಮೊದಲ ಅಧಿಕೃತ ಪ್ರೈಮರಿಯ ಜಾಗವನ್ನೇ ದಕ್ಷಿಣ ಕೆರೊಲಿನಾಗೆ ಕೊಟ್ಟಿತು.

ಇದನ್ನು ಗಮನಿಸಿ. ಯಾರನ್ನು ಹೊರಗಿಡೋಕೆ 1948ರಲ್ಲಿ ಆ ರಾಜ್ಯದ ನಾಯಕ ಪಕ್ಷವನ್ನೇ ಒಡೆದರೋ, ಅವರ ಮಕ್ಕಳು ಮೊಮ್ಮಕ್ಕಳು ಈಗ ಅಲ್ಲಿ ಆ ಪಕ್ಷ. ಅವರು ಬಂದು ಸೇರಿದ ಮೇಲೆ ಎಡ ಬಣದ ಮಾತನ್ನೇ ಕೇಳ್ತಾರೆ ಅಂತಲೂ ಇಲ್ಲ. 2020ರಲ್ಲಿ ಸ್ಯಾಂಡರ್ಸ್ ಓಟಕ್ಕೆ ತಡೆ ಹಾಕಿದ್ದೂ ಅವರೇ. ಬಾಗಿಲು ತೆರೆಸಿಕೊಂಡು ಒಳಗೆ ಬಂದವರು ತಮಗೆ ಬೇಕಾದ್ದನ್ನು ತಾವೇ ತೀರ್ಮಾನಿಸ್ತಾರೆ.

ಹಾಗಾಗಿ ಮಮ್ದಾನಿ ನಿಜವಾದ ಡೆಮಾಕ್ರಟ್ಟಾ, ಕ್ವೋಮೊ ನಿಜವಾದ ಡೆಮಾಕ್ರಟ್ಟಾ ಅಂತ ಯಾರಾದ್ರೂ ಕೇಳಿದರೆ, ಹೇಮರ್ ಅವರನ್ನು ನೆನಪಿಸಿಕೊಳ್ಳಿ. 1964ರಲ್ಲಿ ಅವರು ನಿಜವಾದ ಡೆಮಾಕ್ರಟ್ ಅಲ್ಲ ಅಂತ ಪಕ್ಷ ತೀರ್ಮಾನಿಸಿತ್ತು. ಅವರು ನಾಲ್ಕು ವರ್ಷ ಬಿಟ್ಟು ಮತ್ತೆ ಬಂದರು.

ಬೇಟ್ಸ್‌ಬರ್ಗ್‌ನಲ್ಲಿ ಈಗ ಐಸಾಕ್ ವುಡಾರ್ಡ್ ಹೆಸರಿನ ಒಂದು ಸ್ಮಾರಕ ಫಲಕ ಇದೆ. ಅದನ್ನು ನಿಲ್ಲಿಸಿದ್ದು 2019ರಲ್ಲಿ, ಘಟನೆ ನಡೆದು 73 ವರ್ಷದ ಮೇಲೆ.

ಇವತ್ತಿಗೆ ಇಷ್ಟು. ಗೋಲ್ಡ್‌ವಾಟರ್ ವಿಷಯ ಅರ್ಧಕ್ಕೆ ಬಿಟ್ಟಿದ್ದೀನಿ ಅಂತ ಗೊತ್ತು. ರಿಪಬ್ಲಿಕನ್ ಪಕ್ಷದೊಳಗಿನ ಜಗಳಕ್ಕೆ ಒಂದು ಪೂರ್ತಿ ಸಂಚಿಕೆ ಬೇಕು, ಮುಂದೆ ಮಾಡೋಣ. ಇಷ್ಟ ಆದ್ರೆ ಗೆಳೆಯರಿಗೂ ಕಳಿಸಿ. ಮತ್ತೆ ಸಿಗೋಣ.